ಹಳೇ ಕಾರಿಗೆ ಫ್ಯಾನ್ ಬೆಲ್ಟ್: ಪುಲ್ಲಿಯಿಂದ ಅಳತೆ ತೆಗೆಯುವ ಕ್ರಮ

ಬ್ಯಾಟರಿ ಚಾರ್ಜ್ ಮಾಡಲು ಡೈನಮೋ ಇರುವ ಹಳೇ ಅಂಬಾಸಿಡರ್, ಫಿಯಟ್ 1100 ಥರದ ಕಾರುಗಳಿಗೆ ಬೆಲ್ಟ್ ಹುಡುಕುವಾಗ ಕಳಚಿದ ಬೆಲ್ಟನ್ನೇ ಮಾದರಿಯೆಂದು ಅಂಗಡಿಗೆ ಒಯ್ಯುವುದನ್ನು ನಾನು ಬಿಟ್ಟಿದ್ದೇನೆ. ಓಡಿದ ಬೆಲ್ಟ್ ಉದ್ದಕ್ಕೆ ಹಿಗ್ಗಿರುತ್ತದೆ, ಅಕ್ಕಪಕ್ಕ ಸವೆದು ಕಿರಿದಾಗಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹಿಂದೆ ಹಾಕಿದವರು ಸರಿಯಾದದ್ದನ್ನೇ ಹಾಕಿದ್ದರು ಎಂಬ ಖಾತ್ರಿ ಇಲ್ಲ. ಅಳತೆಗೆ ನಂಬಬೇಕಾದದ್ದು ಬೆಲ್ಟ್ ಸುತ್ತುವ ಗಾಲಿಗಳನ್ನು, ಅಂದರೆ ಪುಲ್ಲಿಗಳನ್ನು.

ಮೊದಲು ಮೂರೂ ಪುಲ್ಲಿಗಳನ್ನು, ಅಂದರೆ ಕ್ರ್ಯಾಂಕ್, ವಾಟರ್ ಪಂಪ್ (ಫ್ಯಾನ್ ಇರುವುದು ಇದರ ಮೇಲೆ), ಡೈನಮೋ, ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ. ಗ್ರೂವ್‌ನ, ಅಂದರೆ ಬೆಲ್ಟ್ ಕೂರುವ ಸಾಲಿನ, ಬಾಯಗಲವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಹೆಚ್ಚಾಗಿ 13 ಅಥವಾ 10 ಮಿ.ಮೀ. ಸಿಗುತ್ತದೆ. ವಿ-ಬೆಲ್ಟ್ ಎಳೆಯುವುದು ಅಕ್ಕಪಕ್ಕದ ಗೋಡೆಗಳ ಹಿಡಿತದಿಂದ, ತಳದಿಂದಲ್ಲ. 13ರ ಗ್ರೂವ್‌ಗೆ 10ರ ಬೆಲ್ಟ್ ಹಾಕಿದರೆ ಅದು ತಳಕ್ಕೆ ಕೂತು ಜಾರುತ್ತದೆ. ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ, ಬೇರಿಂಗ್ ಹೋಗುವುದಷ್ಟೇ. 17ರ ಬೆಲ್ಟ್ ಹಾಕಿದರೆ ಮೇಲೆಯೇ ನಿಂತು ಅಂಚು ಕಿತ್ತುಬರುತ್ತದೆ. ಸರಿಯಾದ ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿಗೆ ಸಮವಾಗಿ, ಅಥವಾ ಕೂದಲೆಳೆಯಷ್ಟು ಮೇಲೆ ಇರುತ್ತದೆ.

ಟಾರ್ಚ್ ಹಿಡಿದು ಗ್ರೂವ್‌ನ ಒಳಗೂ ನೋಡಿ. ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ಅಲ್ಲಿಗೆ ತಾಗುತ್ತಿತ್ತು ಎಂದರ್ಥ. ಗೋಡೆಗಳು ಬಟ್ಟಲಿನಂತೆ ಒಳಸರಿದಿದ್ದರೆ ಹೊಸ ಬೆಲ್ಟ್ ಕೂಡ ಬೇಗ ಹಾಳಾಗುತ್ತದೆ. ಎರಕದ ಪುಲ್ಲಿಯಾದರೆ ಲೇತ್‌ನಲ್ಲಿ ಹಿಡಿಸಬಹುದು, ತಗಡಿನದ್ದಾದರೆ ಬದಲಿಸಲೇಬೇಕು. ಲೇತ್‌ನವರಿಗೆ ಕೋನವನ್ನು ಹೇಳಿ ಕೊಡಿ. ಬೆಲ್ಟಿನ ಕೋನ 40 ಡಿಗ್ರಿ ಇದ್ದರೂ ಚಿಕ್ಕ ಪುಲ್ಲಿಯ ಗ್ರೂವ್ 34 ಡಿಗ್ರಿಯಷ್ಟು ಇರಬೇಕು. ಬೆಲ್ಟ್ ಬಾಗಿದಾಗ ಒಳಭಾಗ ಉಬ್ಬಿ ಅದರ ಕೋನ ಕಿರಿದಾಗುತ್ತದೆ, ಅದಕ್ಕೆ. ಲೇತ್ ಕೆಲಸ ಮುಗಿದ ಮೇಲೆಯೇ ಉದ್ದ ಅಳೆಯಿರಿ, ಗ್ರೂವ್ ಅಗಲವಾದರೆ ಬೆಲ್ಟ್ ಕೆಳಗೆ ಕೂರುತ್ತದೆ.

ಈಗ ಉದ್ದ. ದಾರ ಸುತ್ತಿ ಅಳೆಯುವುದು ಎಲ್ಲರೂ ಮಾಡುವ ತಪ್ಪು. ದಾರ ಗ್ರೂವ್‌ನ ತಳಕ್ಕೆ ಇಳಿಯುತ್ತದೆ, ಜೊತೆಗೆ ಎಳೆದಷ್ಟೂ ಹಿಗ್ಗುತ್ತದೆ. ನಾನು ಬಳಸುವುದು ರಟ್ಟಿನ ಪೆಟ್ಟಿಗೆಗೆ ಬಿಗಿಯುವ 12 ಮಿ.ಮೀ. ಪ್ಲಾಸ್ಟಿಕ್ ಪಟ್ಟಿ. ಅದು ಹಿಗ್ಗುವುದಿಲ್ಲ, ಅಗಲವೂ ಹೆಚ್ಚುಕಡಿಮೆ ಬೆಲ್ಟಿನಷ್ಟೇ. ಡೈನಮೋದ ಬೋಲ್ಟುಗಳನ್ನು ಸಡಿಲಿಸಿ, ಬಿಗಿ ಹೊಂದಿಸುವ ಲೋಹದ ಪಟ್ಟಿಯ ಸೀಳಿನಲ್ಲಿ ಅದನ್ನು ಎಂಜಿನ್ ಕಡೆಯಿಂದ ಮೂರನೇ ಒಂದು ಭಾಗಕ್ಕೆ ತಂದು ನಿಲ್ಲಿಸಿ. ಒಳಗೆ ಉಳಿದ ಜಾಗ ಬೆಲ್ಟ್ ಏರಿಸುವುದಕ್ಕೆ, ಹೊರಗಿನದ್ದು ಮುಂದೆ ಬಿಗಿ ಮಾಡುವುದಕ್ಕೆ. ಮೂರೂ ಪುಲ್ಲಿಗಳಿಗೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ತುದಿಗಳು ಒಂದರ ಮೇಲೊಂದು ಬಂದ ಕಡೆ ಬ್ಲೇಡಿನಿಂದ ಗುರುತು ಹಾಕಿ, ನೆಲದ ಮೇಲೆ ಚಾಚಿ ಸ್ಟೀಲ್ ಟೇಪಿನಲ್ಲಿ ಅಳೆಯಿರಿ. 13ರ ಗ್ರೂವ್‌ನಲ್ಲಿ 12ರ ಪಟ್ಟಿ ಅಂಚಿಗಿಂತ ಸುಮಾರು ಒಂದೂವರೆ ಮಿ.ಮೀ. ಕೆಳಗೆ ಕೂರುವುದರಿಂದ ಬಂದ ಅಳತೆಗೆ 9 ಮಿ.ಮೀ. ಸೇರಿಸಿ. ಇದು ಬೆಲ್ಟಿನ ಹೊರಸುತ್ತಳತೆ.

ಅಂಗಡಿಯಲ್ಲಿ ಎಡವುವುದು ಇಲ್ಲೇ. ನಮ್ಮಲ್ಲಿ ಸಿಗುವ 'ಎ' ಸೆಕ್ಷನ್ ಬೆಲ್ಟ್ 13 ಮಿ.ಮೀ. ಅಗಲ, 8 ಮಿ.ಮೀ. ದಪ್ಪ. ಅದರ ಮೇಲಿನ ಸಂಖ್ಯೆ ಒಳಸುತ್ತಳತೆ, ಅದೂ ಇಂಚಿನಲ್ಲಿ. ಹೊರಗಿನದ್ದಕ್ಕೂ ಒಳಗಿನದ್ದಕ್ಕೂ 50 ಮಿ.ಮೀ. ವ್ಯತ್ಯಾಸ. ಪಟ್ಟಿಯ ಅಳತೆ 1083 ಬಂತೆನ್ನಿ. 9 ಸೇರಿಸಿದರೆ 1092, ಅದರಲ್ಲಿ 50 ಕಳೆದರೆ 1042, 25.4ರಿಂದ ಭಾಗಿಸಿದರೆ 41. ಬೇಕಾದದ್ದು ಎ-41. ಇದೇ 1092 ಮಿ.ಮೀ. ಎಂದರೆ 43 ಇಂಚು ಎಂದು ಲೆಕ್ಕ ಹಾಕಿ "43 ಇಂಚಿನದ್ದು ಕೊಡಿ" ಎಂದರೆ ಎ-43 ಕೈಗೆ ಬರುತ್ತದೆ. ಎರಡು ಇಂಚು ಉದ್ದ ಜಾಸ್ತಿ. ಡೈನಮೋ ಸೀಳಿನ ಕೊನೆಗೆ ಹೋದರೂ ಬಿಗಿ ಸಿಗುವುದಿಲ್ಲ. ಅಮೆರಿಕದ ಕ್ರಮದಲ್ಲಿ 4ಎಲ್430 ಎಂದಿದ್ದರೆ ಅದು ಹೊರಗಿನ 43.0 ಇಂಚು, ಅಂದರೆ ನಮ್ಮ ಎ-41. ಕಾರಿನ ಬೆಲ್ಟ್ ಮೇಲೆ ಮಿಲಿಮೀಟರ್ ಜೊತೆ ಎಲ್‌ಎ ಎಂದಿದ್ದರೆ ಹೊರಗಿನದ್ದು, ಎಲ್‌ಐ ಎಂದಿದ್ದರೆ ಒಳಗಿನದ್ದು. ಈ ಎರಡಕ್ಷರ ಓದದೆ ದುಡ್ಡು ಕೊಡಬೇಡಿ.

ತುಮಕೂರಿನಲ್ಲಿ ಕಾರಿನ ಬಿಡಿಭಾಗದ ಅಂಗಡಿಗಿಂತ ಹಿಟ್ಟಿನ ಗಿರಣಿ, ಕೊಬ್ಬರಿ ಎಣ್ಣೆ ಗಾಣ, ಕಾಂಪ್ರೆಸರ್‌ಗಳಿಗೆ ಬೆಲ್ಟ್ ಮಾರುವವರ ಬಳಿ 'ಎ' ಸೆಕ್ಷನ್ ಒಂದೊಂದು ಇಂಚಿನ ವ್ಯತ್ಯಾಸದಲ್ಲಿ ಸಿಗುವ ಸಾಧ್ಯತೆ ಹೆಚ್ಚು. 10 ಮಿ.ಮೀ.ನದ್ದು ಬೇಕಾದರೆ ಕಾರಿನ ಅಂಗಡಿಯೇ ಗತಿ, ಇಲ್ಲವೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ. ಆಯ್ಕೆ ಇದ್ದರೆ ಒಳಬದಿಯಲ್ಲಿ ಹಲ್ಲು ಕೊರೆದ 'ಎಎಕ್ಸ್' ಬೆಲ್ಟ್ ತೆಗೆದುಕೊಳ್ಳಿ. ಸಾದಾ 'ಎ' ಬೆಲ್ಟಿಗೆ ಸುಮಾರು 75 ಮಿ.ಮೀ.ಗಿಂತ ಚಿಕ್ಕ ಪುಲ್ಲಿ ಒಗ್ಗುವುದಿಲ್ಲ, ಬಾಗಿ ಬಾಗಿ ಕಾಯುತ್ತದೆ. ಹಳೇ ಡೈನಮೋ ಪುಲ್ಲಿಗಳು ಎಷ್ಟೋ ಸಲ ಆ ಅಳತೆಯ ಆಸುಪಾಸಿನಲ್ಲೇ ಇರುತ್ತವೆ. ಬಾನೆಟ್ ತೆಗೆದಾಗ ಕಾರು ಮೂಲರೂಪದಲ್ಲಿ ಕಾಣಬೇಕೆನ್ನುವವರು ಸಾದಾ ಬೆಲ್ಟನ್ನೇ ಕೇಳುತ್ತಾರೆ. ಪ್ರದರ್ಶನಕ್ಕೆ ಅದು ಸರಿ, ರಸ್ತೆಗೆ ಹಲ್ಲಿನದ್ದೇ ನನ್ನ ಆಯ್ಕೆ. ಅಂಗಡಿಯಲ್ಲಿ ಬಹುಕಾಲ ಬಿದ್ದ ಬೆಲ್ಟನ್ನು ಹಿಂದಕ್ಕೆ ಮಡಚಿ ನೋಡಿ, ಸಣ್ಣ ಬಿರುಕು ಕಂಡರೆ ಬೇಡ.

ಏರಿಸುವಾಗ ಕ್ರ್ಯಾಂಕ್, ಪಂಪ್, ಕೊನೆಗೆ ಡೈನಮೋ. ಫ್ಯಾನಿನ ಒಂದೊಂದೇ ರೆಕ್ಕೆಯನ್ನು ಕೈಯಲ್ಲಿ ತಿರುಗಿಸುತ್ತಾ ದಾಟಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಒಳಗಿನ ನೂಲು ಕಡಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ಸ್ವಲ್ಪ ದಿನದಲ್ಲೇ ಬೆಲ್ಟ್ ತಿರುಚಿಕೊಂಡು ಹೋಗುತ್ತದೆ. ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ಎಂದು ಸ್ಟೀಲ್ ಪಟ್ಟಿ ಇಟ್ಟು ನೋಡಿ. ಡೈನಮೋ ಹಿಂದೆಮುಂದೆ ಇದ್ದರೆ ವಾಷರ್ ಹಾಕಿ ಸರಿಮಾಡಿ. ಅತಿ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ 10ರಿಂದ 13 ಮಿ.ಮೀ. ತಗ್ಗಬೇಕು. ಅದಕ್ಕಿಂತ ಬಿಗಿ ಮಾಡಿದರೆ ಪಂಪಿನ ಬೇರಿಂಗ್ ಮತ್ತು ಡೈನಮೋ ಹಿಂಬದಿಯ ಬುಷ್ ಸವೆಯುತ್ತವೆ. ಆ ಬುಷ್‌ಗೆ ಎಣ್ಣೆ ಬಿಡುವ ರಂಧ್ರ ಇದ್ದರೆ ಎರಡು ಮೂರು ಹನಿ ಎಂಜಿನ್ ಆಯಿಲ್ ಸಾಕು. ಬೆಲ್ಟಿಗೆ ಮಾತ್ರ ಸೋಪು, ಮೇಣ ಏನನ್ನೂ ತಿಕ್ಕಬೇಡಿ. ಕ್ರ್ಯಾಂಕ್ ಮುಂಭಾಗದಿಂದ ಆಯಿಲ್ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಇಲ್ಲವಾದರೆ ರಬ್ಬರ್ ಊದಿಕೊಳ್ಳುತ್ತದೆ.

ಅರ್ಧ ಗಂಟೆ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಬಿಗಿ ನೋಡಿ. ಹೊಸ ಬೆಲ್ಟ್ ಆಗಲೇ ಕೂತು ಸ್ವಲ್ಪ ಸಡಿಲಾಗಿರುತ್ತದೆ. ಇನ್ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ. ಪರೀಕ್ಷೆಗೆ ನಾನು ಆರಿಸುವುದು ದೇವರಾಯನದುರ್ಗದ ಏರು. ಕಡಿಮೆ ವೇಗ, ಹೆಚ್ಚು ಹೊರೆ, ರೇಡಿಯೇಟರ್‌ಗೆ ಫ್ಯಾನ್ ಗಾಳಿಯೇ ಆಸರೆ. ಡೈನಮೋ ಕಾರಿನಲ್ಲಿ ಐಡಲ್‌ನಲ್ಲಿ ಚಾರ್ಜಿಂಗ್ ಸೂಚಿಸುವ ಕೆಂಪು ದೀಪ ಮಿನುಗುವುದು ಸಹಜ, ಆಕ್ಸಿಲರೇಟರ್ ಸ್ವಲ್ಪ ಒತ್ತಿದೊಡನೆ ಆರಬೇಕು. ಏರಿನಲ್ಲಿ ದೀಪ ಮತ್ತೆ ಹತ್ತಿ, ಜೊತೆಗೆ ಕೀರಲು ಸದ್ದು ಬಂದರೆ ಬೆಲ್ಟ್ ಜಾರುತ್ತಿದೆ. ಸದ್ದಿಲ್ಲದೆ ದೀಪ ಮಾತ್ರ ಹತ್ತಿದರೆ ಡೈನಮೋದ ಬ್ರಷ್ ಮತ್ತು ಕಟ್‌ಔಟ್ (ಡೈನಮೋವನ್ನು ಬ್ಯಾಟರಿಗೆ ಜೋಡಿಸುವ, ಬಿಡಿಸುವ ರಿಲೇ) ನೋಡಿ.