ಒಂದೇ ಹಾಡಿಗೆ ಮೂರು ಹೆಸರು: ಆಡಿಯೊ ಫೈಲಿನ ಟ್ಯಾಗ್ ಸರಿಪಡಿಸುವುದು ಹೇಗೆ?

ಕಳೆದ ದೀಪಾವಳಿಗೆ ಧಾರವಾಡದ ಮಾಳಮಡ್ಡಿಗೆ ಹೋದಾಗ ಸೋದರಮಾವ ಚಹಾ ಕುಡಿಯಲಿಕ್ಕೂ ಬಿಡಲಿಲ್ಲ. ‘ತಮ್ಮಾ, ಮೊದಲ ಇದನ್ನ ನೋಡು. ಕಂಪ್ಯೂಟರ್‌ನ್ಯಾಗ ಮನ್ಸೂರ ಅಂತ ಬರ್ತದ. ಫೋನ್‌ನ್ಯಾಗ ಬರೇ ಪ್ರಶ್ನಾರ್ಥಕ ಚಿಹ್ನೆ. ಕಾರಿನ್ಯಾಗ ಹಾಕಿದ್ರ ಟ್ರ್ಯಾಕ್ ಏಳು. ಮೂರರಾಗ ಖರೇ ಯಾವುದು?’

ಮಾಮಾ ಹಾಡುವವರಲ್ಲ, ಕೇಳುವವರು. ಆಕಾಶವಾಣಿ ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ಅದರ ರಾತ್ರಿಯ ಶಾಸ್ತ್ರೀಯ ಸಂಗೀತವನ್ನು ಅವರು ವರ್ಷಗಟ್ಟಲೆ ಕ್ಯಾಸೆಟ್ಟಿಗೆ ಇಳಿಸಿಕೊಂಡವರು. ಪ್ರತಿ ಡಬ್ಬಿಯೊಳಗೂ ಒಂದು ಕಾಗದ, ಅದರ ಮೇಲೆ ನೀಲಿ ಮಸಿಯಲ್ಲಿ ರಾಗ, ತಾಳ, ಹಾಡಿದವರು, ತಬಲಾ ಯಾರದು, ತಾರೀಖು. ಹುಬ್ಬಳ್ಳಿಯ ಒಂದು ಅಂಗಡಿಯವರು ಆ ಕ್ಯಾಸೆಟ್‌ಗಳನ್ನೆಲ್ಲ ಎಂಪಿ3 ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಟ್ಟರು. ಧ್ವನಿ ಚೆನ್ನಾಗಿಯೇ ಬಂದಿತ್ತು. ಕಾಗದ ಮಾತ್ರ ಡಬ್ಬಿಯಲ್ಲೇ ಉಳಿಯಿತು. ಗಾಯಕರ ಹೆಸರಿರಬೇಕಾದ ಜಾಗದಲ್ಲಿ ಕೆಲವು ಫೈಲುಗಳಲ್ಲಿ ಅಂಗಡಿಯ ಹೆಸರೇ ಕೂತಿತ್ತು. ಇದು ನನಗೆ ಬಹಳ ನೋವು ತಂದಿತು. ಎಂಪಿ3ಗೆ ಬೆನ್ನಿಲ್ಲ, ಡಬ್ಬಿಯಿಲ್ಲ. ಯಾರು ಹಾಡಿದ್ದು ಎಂದು ಹೇಳಲು ಅದರ ಬಳಿ ಇರುವುದು ಟ್ಯಾಗ್ ಒಂದೇ, ಅಂದರೆ ಫೈಲಿನೊಳಗೇ ಅಂಟಿಸಿದ ಹೆಸರಿನ ಚೀಟಿ.

ಮಾಮಾನಿಗೆ ನಾನು ಕೊಟ್ಟ ಉತ್ತರ: ‘ಮೂರೂ ಖರೇನ ಅವ.’ ಈ ತೊಂದರೆಯ ಬೇರು ಇರುವುದು ಅಲ್ಲೇ. ಒಂದು ಎಂಪಿ3 ಫೈಲಿನೊಳಗೆ ಏಕಕಾಲಕ್ಕೆ ಎರಡು–ಮೂರು ಹೆಸರಿನ ಚೀಟಿಗಳು ಇರಬಹುದು. ಒಂದೊಂದು ತಂತ್ರಾಂಶ ಒಂದೊಂದು ಚೀಟಿ ಓದುತ್ತದೆ. ನೀವು ಒಂದರಲ್ಲಿ ತಿದ್ದಿದರೆ ಒಂದು ಚೀಟಿ ಬದಲಾಗುತ್ತದೆ, ಉಳಿದವು ಹಳೆಯದನ್ನೇ ಹೇಳುತ್ತಿರುತ್ತವೆ.

ಮೊದಲನೆಯ ಚೀಟಿ ಐಡಿ3 ವಿ1, ಅಂದರೆ ಐಡಿ3 ಎಂಬ ಟ್ಯಾಗ್ ಪದ್ಧತಿಯ ಮೊದಲ ಆವೃತ್ತಿ. 1996ರ ಕಾಲದ್ದು, ಫೈಲಿನ ಕಟ್ಟಕಡೆಯ 128 ಬೈಟ್‌ಗಳಲ್ಲಿ ಕೂರುತ್ತದೆ. ಹಾಡಿನ ಹೆಸರಿಗೆ 30 ಬೈಟ್, ಹಾಡಿದವರಿಗೆ 30, ಆಲ್ಬಮ್ಮಿಗೆ 30. ಇಂಗ್ಲಿಷಿಗೆ ಹೇಗೋ ಸಾಕಾಗುತ್ತಿತ್ತು. ಎಲ್ಲ ಲಿಪಿಗಳನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಅಕ್ಷರ ಬೇರೆ, ಅದಕ್ಕೆ ಹತ್ತುವ ಇಕಾರ, ಏಕಾರ ಬೇರೆ. ‘ಭೀಮಸೇನ ಜೋಶಿ’ ಎಂದು ಬರೆದರೆ ಭ, ಈಕಾರ, ಮ, ಸ, ಏಕಾರ, ನ, ಜ, ಓಕಾರ, ಶ, ಇಕಾರ ಹೀಗೆ ಹತ್ತು ಚಿಹ್ನೆ, ನಡುವೆ ಒಂದು ಖಾಲಿ ಜಾಗ. ಒಟ್ಟು 31 ಬೈಟ್. ರೋಣದಲ್ಲಿ ಹುಟ್ಟಿ ದೇಶವನ್ನೇ ತುಂಬಿದ ಆ ಗಾಯಕರ ಹೆಸರು ಈ ಚೀಟಿಗೆ ಒಂದು ಬೈಟ್ ದೊಡ್ಡದು! ಅದಕ್ಕೂ ಮೊದಲು, ಈ ಚೀಟಿಗೆ ಕನ್ನಡ ಲಿಪಿ ಎಂಬುದೇ ಗೊತ್ತಿಲ್ಲ. ಬಹಳಷ್ಟು ತಂತ್ರಾಂಶಗಳು ಅಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆ ತುಂಬಿಬಿಡುತ್ತವೆ.

ಎರಡನೆಯದು ಐಡಿ3 ವಿ2, ಫೈಲಿನ ಆರಂಭದಲ್ಲಿರುತ್ತದೆ. ಇದರಲ್ಲಿ ಜಾಗಕ್ಕೆ ಕೊರತೆಯಿಲ್ಲ, ಕನ್ನಡ ಹಿಡಿಸುತ್ತದೆ. ಬಳಕೆಯಲ್ಲಿರುವ ರೂಪಗಳು ಮುಖ್ಯವಾಗಿ ಎರಡು: 1999ರ 2.3 ಮತ್ತು 2000ದ 2.4. ಮೂರನೆಯದು ಎಪಿಇ ಎಂಬ ಚೀಟಿ. ಧ್ವನಿಯ ಏರಿಳಿತ ಸಮ ಮಾಡುವ ಕೆಲವು ತಂತ್ರಾಂಶಗಳು ಹೇಳದೆ ಕೇಳದೆ ಇದನ್ನು ಅಂಟಿಸಿ ಹೋಗಿರುತ್ತವೆ.

ತಿದ್ದುವ ಮುನ್ನ ಇಡೀ ಫೋಲ್ಡರಿನ ಒಂದು ನಕಲನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಟ್ಯಾಗ್ ತಿದ್ದಿದರೆ ಧ್ವನಿಗೆ ಏನೂ ಆಗುವುದಿಲ್ಲ. ಆದರೆ ನೂರು ಫೈಲು ಆರಿಸಿಕೊಂಡು ಒಂದು ಹೆಸರು ತಪ್ಪಾಗಿ ಒತ್ತಿದರೆ ನೂರರ ಹೆಸರೂ ಹೋಗುತ್ತದೆ.

ಪರದೆ ಏನು ತೋರಿಸುತ್ತಿದೆ?

ಎಲ್ಲ ತಪ್ಪೂ ಒಂದೇ ತಪ್ಪಲ್ಲ. ಖಾಲಿ ಚೌಕಗಳು ಕಂಡರೆ ಹೆಚ್ಚಾಗಿ ಟ್ಯಾಗ್ ಸರಿಯಾಗಿಯೇ ಇದೆ, ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ಹಳೆಯ ಕಾರ್ ಸ್ಟಿರಿಯೊಗಳ ಕತೆ ಇದೇ. ಫೈಲಿಗೆ ಕೈಹಚ್ಚಬೇಡಿ.

ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಆ ಚೀಟಿಯಲ್ಲಿದ್ದ ಅಕ್ಷರಗಳು ಅಳಿದುಹೋಗಿವೆ, ಮರಳಿ ಬರುವುದಿಲ್ಲ. ಆದರೆ ಅದೇ ಫೈಲಿನ ಇನ್ನೊಂದು ಚೀಟಿಯಲ್ಲಿ ಹೆಸರು ಜೀವಂತ ಇರಬಹುದು, ಅದನ್ನು ನೋಡದೆ ಕೈಬಿಡಬೇಡಿ. ಮಾಮಾನ ಅರ್ಧಕ್ಕರ್ಧ ಫೈಲುಗಳಲ್ಲಿ ಆಗಿದ್ದು ಇದೇ: ಫೋನು ಫೈಲಿನ ಕೊನೆಯಲ್ಲಿರುವ ವಿ1 ಚೀಟಿ ಓದುತ್ತಿತ್ತು, ಕಂಪ್ಯೂಟರ್ ಆರಂಭದಲ್ಲಿರುವ ವಿ2ನ್ನು.

ಇನ್ನು ಗಜಿಬಿಜಿ. ಇದರಲ್ಲಿ ಎರಡು ಜಾತಿ. ಇಂಗ್ಲಿಷಿನ ಸಣ್ಣ ಎ ಮೇಲೊಂದು ಗೀಟು, ಪಕ್ಕದಲ್ಲಿ ಪುಟ್ಟ 2 ಅಥವಾ 3, ಮತ್ತೇನೋ ಒಂದು ಚಿಹ್ನೆ, ಹೀಗೆ ಮೂರು ಮೂರರ ಗುಂಪು ಮತ್ತೆ ಮತ್ತೆ ಬರುತ್ತಿದ್ದರೆ ಅದು ಯುಟಿಎಫ್-8 ಕನ್ನಡ. ತಂತ್ರಾಂಶ ಅದನ್ನು ಯುರೋಪಿನ ಲಿಪಿ ಎಂದುಕೊಂಡು ಓದಿದೆ. ಇನ್ನೊಂದು ನಮ್ಮದೇ ಹಳೆಯ ಕಾಯಿಲೆ. ‘ಕನ್ನಡ’ ಎಂಬ ಪದದ ಜಾಗದಲ್ಲಿ ದೊಡ್ಡ ಪಿ, ಗೀಟಿನ ದೊಡ್ಡ ಎ, ನಡುವೆ ಪೌಂಡ್ ಚಿಹ್ನೆ ಕಂಡರೆ ಅದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಒತ್ತಿದ್ದು. ಆ ಫಾಂಟಿನಲ್ಲಿ ಮಾತ್ರ ಅದು ಕನ್ನಡ. ಅಂಥ ಸಾಲನ್ನು ನಕಲು ಮಾಡಿ ಆಸ್ಕಿಯಿಂದ (ಈ ಹಳೆಯ ಫಾಂಟಿನ ಕ್ರಮ) ಯುನಿಕೋಡಿಗೆ (ಎಲ್ಲ ಲಿಪಿಗಳಿಗೂ ಇರುವ ಈಗಿನ ಕ್ರಮ) ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಹೆಸರು ಪೂರ್ತಿ ವಾಪಸು ಸಿಗುತ್ತದೆ.

ಚೀಟಿಗಳನ್ನು ಬಿಡಿಸಿ ನೋಡಿ

ಹಾಡು ನುಡಿಸುವ ತಂತ್ರಾಂಶದಲ್ಲಿ ಇದನ್ನು ಪತ್ತೆಮಾಡಲು ಆಗದು, ಅದು ತನಗೆ ಬೇಕಾದ್ದನ್ನಷ್ಟೇ ತೋರಿಸುತ್ತದೆ. ಕಿಡ್3 ಎಂಬ ಉಚಿತ ತಂತ್ರಾಂಶ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಫೈಲು ತೆರೆದರೆ ಟ್ಯಾಗ್ 1, ಟ್ಯಾಗ್ 2, ಟ್ಯಾಗ್ 3 ಎಂದು ಬೇರೆ ಬೇರೆ ಅಂಕಣಗಳಲ್ಲಿ ಚೀಟಿಗಳನ್ನು ಒಂದರ ಕೆಳಗೊಂದು ಇಟ್ಟು ತೋರಿಸುತ್ತದೆ. ಮಾಮಾ ಅದನ್ನು ನೋಡಿದ್ದೇ ತಡ, ‘ಅಯ್ಯ, ಒಂದ ಮನಿಗೆ ಮೂರು ಬೋರ್ಡ್ ಹಾಕ್ಯಾರಲ್ಲೋ’ ಎಂದರು.

ವಿಂಡೋಸ್ ಇದ್ದವರಿಗೆ ಎಂಪಿ3ಟ್ಯಾಗ್ ಇನ್ನೂ ಸುಲಭ. ಅದರ ಪಟ್ಟಿಯಲ್ಲಿ ‘ಟ್ಯಾಗ್’ ಎಂಬ ಅಂಕಣವಿದೆ. ಅಲ್ಲಿ ಈಗ ಓದುತ್ತಿರುವ ಚೀಟಿಯ ಹೆಸರು, ಪಕ್ಕದ ಆವರಣದಲ್ಲಿ ಫೈಲಿನೊಳಗಿರುವ ಎಲ್ಲ ಚೀಟಿಗಳ ಹೆಸರು ಇರುತ್ತದೆ. ಆವರಣದೊಳಗೆ ಒಂದಕ್ಕಿಂತ ಹೆಚ್ಚು ಕಂಡರೆ ಕಳ್ಳ ಸಿಕ್ಕ.

ಈಗ ಸರಿಯಾದ ಹೆಸರಿರುವ ಒಂದನ್ನು ಉಳಿಸಿ ಬೇರೆಯವನ್ನು ತೆಗೆಯಬೇಕು. ಎಂಪಿ3ಟ್ಯಾಗ್‌ನಲ್ಲಿ ಟೂಲ್ಸ್, ಆಪ್ಷನ್ಸ್, ಟ್ಯಾಗ್ಸ್, ಎಂಪೆಗ್ ಎಂದು ಒಳಹೋಗಿ. ಓದಲು, ಬರೆಯಲು, ತೆಗೆಯಲು ಎಂದು ಮೂರು ಕಡೆ ಗುರುತು ಹಾಕುವ ಚೌಕಗಳಿವೆ. ಬರೆಯುವಲ್ಲಿ ಐಡಿ3 ವಿ2 ಮಾತ್ರ ಇರಲಿ. ತೆಗೆಯುವಲ್ಲಿ ವಿ1 ಮತ್ತು ಎಪಿಇಗೆ ಗುರುತು ಹಾಕಿ, ವಿ2ರ ಗುರುತು ತೆಗೆಯಿರಿ. ಹೊರಬಂದು ಫೈಲುಗಳನ್ನು ಆರಿಸಿ ‘ರಿಮೂವ್ ಟ್ಯಾಗ್’ ಒತ್ತಿದರೆ ಬೇಡದ ಚೀಟಿ ಮಾತ್ರ ಹರಿಯುತ್ತದೆ. ಆ ವಿ2ರ ಗುರುತು ತೆಗೆದದ್ದನ್ನು ಎರಡು ಸಲ ನೋಡಿಕೊಳ್ಳಿ.

ಅದೇ ಪುಟದಲ್ಲಿ ವಿ2.3 ಯುಟಿಎಫ್-16, ವಿ2.4 ಯುಟಿಎಫ್-8 ಎಂಬ ಆಯ್ಕೆಗಳಿವೆ. ನಾನು ಕಣ್ಣು ಮುಚ್ಚಿ ಮೊದಲನೆಯದನ್ನು ಹೇಳುತ್ತೇನೆ. ಎರಡನೆಯದು ಹೊಸದು ನಿಜ. ಆದರೆ ಹಳೆಯ ಕಾರ್ ಸ್ಟಿರಿಯೊ, ಹಳೆಯ ವಿಂಡೋಸ್ ಅದನ್ನು ಓದದೆ ಖಾಲಿ ತೋರಿಸುತ್ತವೆ. ಮಾಮಾನ ಕಾರು ‘ಟ್ರ್ಯಾಕ್ 7’ ಎನ್ನುತ್ತಿದ್ದುದೂ ಇದಕ್ಕೇ. ಟ್ಯಾಗ್ ಸಿಗದೆ ಅದು ಫೈಲಿನ ಹೆಸರನ್ನು ಓದುತ್ತಿತ್ತು. ಒಂದು ತಂತ್ರಾಂಶದಲ್ಲಿ ಇಸವಿ ಕಂಡು ಇನ್ನೊಂದರಲ್ಲಿ ಮಾಯವಾಗುವುದಕ್ಕೂ ಇದೇ ಕಾರಣ: 2.3 ಮತ್ತು 2.4 ಇಸವಿಯನ್ನು ಬೇರೆ ಬೇರೆ ಖಾನೆಗಳಲ್ಲಿ ಇಡುತ್ತವೆ.

ಹೆಸರು ಒಂದೇ ಇರಲಿ

ಚೀಟಿ ಒಂದಾದರೂ ಕೆಲಸ ಮುಗಿಯಲಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಮನಸೂರ, ಮನ್ಸೂರ್, ಪಂ. ಮನ್ಸೂರ ಎಂದು ನಾಲ್ಕು ಥರ ಬರೆದರೆ ಪ್ಲೇಯರ್ ನಾಲ್ವರು ಗಾಯಕರನ್ನು ತೋರಿಸುತ್ತದೆ. ಇವು ಕಣ್ಣಿಗೆ ಕಾಣುತ್ತವೆ, ತಿದ್ದಬಹುದು. ಕಣ್ಣಿಗೆ ಕಾಣದವೂ ಇವೆ.

ಮಾಮಾನ ಫೋನಿನಲ್ಲಿ ‘ಗಂಗೂಬಾಯಿ ಹಾನಗಲ್’ ಎರಡು ಸಲ ಬರುತ್ತಿತ್ತು. ಅಕ್ಷರಕ್ಕೆ ಅಕ್ಷರ ಒಂದೇ. ಒಂದರ ಕೊನೆಗೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದೆ, ‘ಲ್’ ಹೋಗಿ ‘ಲ’ ಆಯಿತು. ಇನ್ನೊಂದರಲ್ಲಿ ಒತ್ತಿದೆ, ಏನೂ ಬದಲಾಗಲಿಲ್ಲ. ಎರಡನೆಯ ಸಲ ಒತ್ತಿದಾಗ ‘ಲ’ ಆಯಿತು. ಮೊದಲ ಒತ್ತಿಗೆ ಅಳಿದದ್ದು ಅಗಲವೇ ಇಲ್ಲದ ಒಂದು ಚಿಹ್ನೆ. ಅರ್ಧಾಕ್ಷರದ ಮುಂದೆ ಒತ್ತು ಮೂಡದಂತೆ ತಡೆಯಲು ಇರುವಂಥದ್ದು. ಕೆಲವು ಕೀಲಿಮಣೆಗಳು, ಪರಿವರ್ತಕಗಳು ಪದದ ಕೊನೆಯಲ್ಲೂ ಅದನ್ನು ಸೇರಿಸುತ್ತವೆ. ಕಣ್ಣಿಗೆ ಒಂದೇ ಹೆಸರು, ಯಂತ್ರಕ್ಕೆ ಎರಡು. ದೀರ್ಘದ ಅಕ್ಷರಗಳಲ್ಲೂ ಇಂಥದ್ದೊಂದಿದೆ: ‘ಜೋ’ದ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಬಿಡಿ ಬಿಡಿ ತುಂಡುಗಳಾಗಿಯೂ ಇಡಬಹುದು. ಹಳೆಯ ಮ್ಯಾಕ್‌ಗಳು ಫೈಲಿನ ಹೆಸರನ್ನು ತುಂಡು ಮಾಡಿಯೇ ಇಟ್ಟುಕೊಳ್ಳುತ್ತಿದ್ದವು.

ಇದಕ್ಕೆ ನಾನು ಕಂಡುಕೊಂಡ ಮದ್ದು ಸರಳ. ನೋಟ್‌ಪ್ಯಾಡಿನಲ್ಲಿ ಹೆಸರಿನ ಪಟ್ಟಿ ಮಾಡಿ: ಒಬ್ಬರಿಗೆ ಒಂದು ಸಾಲು, ಒಂದೇ ಕಾಗುಣಿತ. ಟ್ಯಾಗಿಗೆ ಯಾವತ್ತೂ ಹೊಸದಾಗಿ ಟೈಪ್ ಮಾಡಬೇಡಿ, ಆ ಪಟ್ಟಿಯಿಂದ ನಕಲು ಮಾಡಿ ಅಂಟಿಸಿ. ಎಂಪಿ3ಟ್ಯಾಗ್‌ನಲ್ಲಿ ಒಬ್ಬರ ಫೈಲುಗಳನ್ನೆಲ್ಲ ಒಟ್ಟಿಗೆ ಆರಿಸಿ ಒಂದೇ ಸಲ ಅಂಟಿಸಬಹುದು.

ಒಂದು ಕಡೆ ಮಾತ್ರ ಎಚ್ಚರ ಬೇಕು. 1930ರ ದಶಕದಲ್ಲಿ ಗಂಗೂಬಾಯಿ ಅವರ ಮೊದಮೊದಲ ಗ್ರಾಮಫೋನ್ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅಂಥ ಧ್ವನಿಮುದ್ರಣ ನಿಮ್ಮಲ್ಲಿದ್ದರೆ ಕಲಾವಿದರ ಖಾನೆಯಲ್ಲಿ ಗಂಗೂಬಾಯಿ ಹಾನಗಲ್ ಎಂದೇ ಹಾಕಿ, ತಟ್ಟೆಯ ಮೇಲಿನ ಹೆಸರನ್ನು ಟಿಪ್ಪಣಿಯ ಖಾನೆಯಲ್ಲಿ ಬರೆಯಿರಿ. ಅದನ್ನು ಅಳಿಸಿದರೆ ಒಂದು ಕಾಲದ ಗುರುತು ಅಳಿದಂತೆ.

ಒಡೆದುಹೋದ ಆಲ್ಬಮ್

ಒಂದು ಕ್ಯಾಸೆಟ್ ಫೋನಿನಲ್ಲಿ ಆರು ಆಲ್ಬಮ್ಮಾಗಿ ಕಾಣುತ್ತಿದೆಯೇ? ‘ಆಲ್ಬಮ್ ಆರ್ಟಿಸ್ಟ್’ ಖಾನೆ ಖಾಲಿ ಇರುತ್ತದೆ, ನೋಡಿ. ಜುಗಲಬಂದಿ ಇದ್ದಲ್ಲಿ, ಒಂದೇ ಸಭೆಯಲ್ಲಿ ಹಲವರು ಹಾಡಿದಲ್ಲಿ ‘ಆರ್ಟಿಸ್ಟ್’ ಬದಲಾಗುತ್ತ ಹೋಗುತ್ತದೆ, ಅದನ್ನು ನೋಡಿ ಪ್ಲೇಯರ್ ಆಲ್ಬಮ್ ಒಡೆಯುತ್ತದೆ. ಆಲ್ಬಮ್ ಆರ್ಟಿಸ್ಟ್‌ನಲ್ಲಿ ಎಲ್ಲ ಫೈಲಿಗೂ ಒಂದೇ ಹೆಸರು ಇಟ್ಟರೆ ಕೂಡಿಕೊಳ್ಳುತ್ತದೆ. ತಬಲಾ, ಹಾರ್ಮೋನಿಯಂನವರನ್ನು ಆರ್ಟಿಸ್ಟ್‌ಗೆ ತುರುಕದೆ ಟಿಪ್ಪಣಿಗೆ ಹಾಕಿ, ಆದರೆ ಬಿಡಬೇಡಿ. ರಾಗ, ತಾಳ ಹಾಡಿನ ಹೆಸರಿನಲ್ಲೇ ಇರಲಿ. ಐಡಿ3ಯ ಮೂಲ ಪಟ್ಟಿಯ 80 ಸಂಗೀತ ಪ್ರಕಾರಗಳಲ್ಲಿ ಹಿಂದುಸ್ತಾನಿ ಎಂಬುದಿಲ್ಲ, ಆದ್ದರಿಂದ ಪ್ರಕಾರದ ಖಾನೆಯಲ್ಲಿ ನೀವೇ ಟೈಪ್ ಮಾಡಬೇಕು.

ಟ್ರ್ಯಾಕ್ ಸಂಖ್ಯೆಯನ್ನು 01, 02 ಎಂದು ಎರಡಂಕಿಯಲ್ಲಿ ಕೊಡಿ. ಇಲ್ಲದಿದ್ದರೆ ಕೆಲವು ಪ್ಲೇಯರ್‌ಗಳಲ್ಲಿ 1ರ ಬೆನ್ನಿಗೇ 10 ಬಂದು ಕೂರುತ್ತದೆ. ಕನ್ನಡ ಅಂಕಿ ನನಗೂ ಪ್ರೀತಿಯವೇ, ಆದರೆ ಈ ಖಾನೆಯಲ್ಲಿ ಬೇಡ, ಯಂತ್ರ ಅವನ್ನು ಎಣಿಸುವುದಿಲ್ಲ. ಕ್ಯಾಸೆಟ್ಟಿನ ಎರಡು ಬದಿಗಳಿಗೆ ‘ಡಿಸ್ಕ್’ ಖಾನೆಯಲ್ಲಿ 1, 2 ಹಾಕಿದರೆ ಕ್ರಮ ಕೆಡದು.

ತಿದ್ದಿದರೂ ಹಳೆಯದೇ ಕಾಣುತ್ತಿದ್ದರೆ

ಹೆದರಬೇಡಿ. ಫೋನು ಟ್ಯಾಗನ್ನು ಒಮ್ಮೆ ಓದಿ ತನ್ನ ಪಟ್ಟಿಯಲ್ಲಿ ಬರೆದುಕೊಂಡಿರುತ್ತದೆ. ಹಳೆಯ ಫೈಲು ಅಳಿಸಿ, ಫೋನನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ, ತಿದ್ದಿದ ಫೈಲನ್ನು ಹೊಸದಾಗಿ ಹಾಕಿ. ಕಂಪ್ಯೂಟರಿನ ಪ್ಲೇಯರ್‌ಗಳಲ್ಲಿ ‘ರೀಸ್ಕ್ಯಾನ್’ ಅಥವಾ ‘ರೀಲೋಡ್’ ಎಂಬ ಆಯ್ಕೆ ಇರುತ್ತದೆ.

ಕನ್ನಡ ಫಾಂಟಿಲ್ಲದ ಕಾರಿಗಾಗಿ ಮೂಲವನ್ನು ಇಂಗ್ಲಿಷ್ ಮಾಡಬೇಡಿ. ಆ ಪೆನ್‌ಡ್ರೈವಿಗೇ ಒಂದು ಪ್ರತ್ಯೇಕ ನಕಲು ತೆಗೆದು ಅದರಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಹಾಕಿ.

ಈಗಷ್ಟೇ ಕ್ಯಾಸೆಟ್ ಇಳಿಸಲು ಹೊರಟವರಿಗೆ ಒಂದು ಮಾತು. ಮೂಲ ಪ್ರತಿಯನ್ನು ವೇವ್ ಫೈಲಾಗಿ ಇಡಬೇಡಿ, ಅದರ ಟ್ಯಾಗನ್ನು ಅನೇಕ ಪ್ಲೇಯರ್‌ಗಳು ಓದುವುದೇ ಇಲ್ಲ. ಫ್ಲ್ಯಾಕ್ ಎಂಬ ರೂಪದ ಫೈಲು ಮಾಡಿ. ಧ್ವನಿ ಒಂದಿಷ್ಟೂ ಕುಂದುವುದಿಲ್ಲ, ಜಾಗ ಸುಮಾರು ಅರ್ಧ ಸಾಕು, ಹೆಸರುಗಳು ನೇರ ಯುಟಿಎಫ್-8ರಲ್ಲಿ ಕೂರುತ್ತವೆ. ಫ್ಲ್ಯಾಕಿಗೆ ತನ್ನದೇ ಟ್ಯಾಗ್ ಇದೆ, ಅದರ ಮೇಲೆ ಐಡಿ3 ಅಂಟಿಸಲು ಬಿಡಬೇಡಿ. ಫೋನಿಗೆ ಬೇಕಾದ ಎಂಪಿ3ಯನ್ನು ಅದರಿಂದ ತೆಗೆದುಕೊಳ್ಳಿ.

ಮಾಮಾ ಮತ್ತು ನಾನು ಹಬ್ಬದ ಮೂರು ದಿನ ಕೂತು ಅರ್ಧ ಮುಗಿಸಿದೆವು. ಅವರು ಕನ್ನಡಕ ಏರಿಸಿ ಕಾಗದ ಓದುವುದು, ‘ಶಿವಮತ ಭೈರವ, ತೀನತಾಲ, ಬರಕೋ’, ನಾನು ಬರೆಯುವುದು. ಪ್ರತಿ ಕಾಗದದ ಫೋಟೊ ತೆಗೆದು, 500 ಪಿಕ್ಸೆಲ್ಲಿಗೆ ಇಳಿಸಿ, ಆಲ್ಬಮ್ ಚಿತ್ರವಾಗಿ ಫೈಲಿನೊಳಗೇ ಸೇರಿಸಿದೆವು. ಈಗ ಹಾಡು ಶುರುವಾದರೆ ಫೋನಿನ ಪರದೆಯ ಮೇಲೆ ಅವರ ನೀಲಿ ಮಸಿಯ ಅಕ್ಷರ ಬರುತ್ತದೆ. ಹನ್ನೊಂದು ಕ್ಯಾಸೆಟ್‌ಗಳಿಗೆ ಕಾಗದವೇ ಇರಲಿಲ್ಲ. ಅವುಗಳ ಕಲಾವಿದರ ಖಾನೆಯನ್ನು ಖಾಲಿ ಬಿಟ್ಟು, ಟಿಪ್ಪಣಿಯಲ್ಲಿ ‘ಧ್ವನಿ ಗುರುತಿಸಬೇಕು’ ಎಂದು ಬರೆದಿದ್ದೇವೆ. ಮಾಮಾ ದಿನಾ ರಾತ್ರಿ ಒಂದೊಂದಾಗಿ ಕೇಳುತ್ತಿದ್ದಾರೆ. ಹೋದ ವಾರ ಎರಡಕ್ಕೆ ಹೆಸರು ಸಿಕ್ಕಿತು.