ಎರೆಮಣ್ಣಿನಲ್ಲಿ ಪುಟ್ಟ ಶೆಡ್ಡಿಗೆ ಬುನಾದಿ: ನನ್ನ ಅನುಭವ

ನವಲಗುಂದದ ಕಡೆ ನಮ್ಮದು ಅಪ್ಪಟ ಎರೆ ಹೊಲ. ಬಿತ್ತನೆ ಬೀಜ, ಗೊಬ್ಬರ, ಸಲಕರಣೆ ಇಡಲು ಅಲ್ಲೊಂದು ಇಟ್ಟಿಗೆ ಶೆಡ್ಡು ಕಟ್ಟಿಸಿದ್ದೆ. ಹತ್ತಡಿ ಶೆಡ್ಡಿಗೆ ಎಷ್ಟು ಬುನಾದಿ ಬೇಕು ಎಂದುಕೊಂಡು ಒಂದೂವರೆ ಅಡಿ ಅಗೆಸಿ, ಕಾಂಕ್ರೀಟ್ ಸುರಿಸಿ ಗೋಡೆ ಎಬ್ಬಿಸಿದೆವು. ಮೊದಲ ಮಳೆಗಾಲದಲ್ಲಿಯೇ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಮುಂದಿನ ಬೇಸಿಗೆಗೆ ಬಾಗಿಲ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಬೆರಳು ತೂರುವಷ್ಟು ಬಿರುಕು.

ತಪ್ಪು ಸಿಮೆಂಟಿನದಲ್ಲ, ನನ್ನ ಲೆಕ್ಕದ್ದು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಭಾರವಾದ ಕಟ್ಟಡ ಆ ಉಬ್ಬನ್ನು ಸ್ವಲ್ಪವಾದರೂ ಅದುಮಿ ಹಿಡಿಯುತ್ತದೆ. ಹಗುರವಾದ ಶೆಡ್ಡನ್ನು ಮಣ್ಣು ಸಲೀಸಾಗಿ ಎತ್ತಿಬಿಡುತ್ತದೆ. ಇಲ್ಲಿ ಸಣ್ಣ ಕಟ್ಟಡಕ್ಕೇ ಹೆಚ್ಚು ಯೋಚನೆ ಬೇಕು.

ಹಳೆಯದನ್ನು ಕೆಡವಿಸಿ, ಚೈತ್ರದ ಬಿಸಿಲಿನಲ್ಲಿ ನೆಲದ ಬಿರುಕುಗಳಿಗೆ ತಂತಿ ಇಳಿಸಿ ಅಳೆದೆ. ಆಳವಾದದ್ದು ಮೂರೂವರೆ ಅಡಿ. ಬುನಾದಿಯ ತಳ ಆ ಬಿರುಕುಗಳಿಗಿಂತ ಕೆಳಗಿರಬೇಕು. ಆದ್ದರಿಂದ ನಾಲ್ಕೂವರೆ ಅಡಿ ಆಳ, ಎರಡಡಿ ಅಗಲ ಅಗೆಸಿದೆ. ಅಷ್ಟಾದರೂ ಗಟ್ಟಿ ನೆಲ ಸಿಗಲಿಲ್ಲ, ಕೆಳಗೂ ಎರೆಯೇ. ತಳದ ಒಂದಡಿಗೆ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿಸಿದೆ: ಆರಾರು ಇಂಚಿನ ಎರಡು ಪದರ, ಪ್ರತಿ ಪದರಕ್ಕೂ ಹದವಾಗಿ ನೀರು ಚಿಮುಕಿಸಿ ದಿಮ್ಮಸಿನಿಂದ ಕುಟ್ಟಿ ಗಟ್ಟಿ ಮಾಡಿಸಿದೆ. ಗೌಂಡಿ ಉಸುಕು ಸಾಕು ಎಂದರು, ನಾನು ಒಪ್ಪಲಿಲ್ಲ. ಉಸುಕಿನ ಸಂದಿಗಳಲ್ಲಿ ನೀರು ನಿಂತು ಸುತ್ತಲಿನ ಎರೆಗೆ ಇಳಿಯುತ್ತದೆ ಎಂಬ ಭಯ ನನಗಿತ್ತು. ಉಬ್ಬುವ ನೆಲಕ್ಕೆ, ತಾನು ಉಬ್ಬದ ಆದರೆ ಅಂಟುಗುಣವುಳ್ಳ ಮಣ್ಣಿನ ಪದರ ಕೊಡುವ ವಿಧಾನವನ್ನು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ರೂಪಿಸಿದ್ದರು. ನಮ್ಮ ಮಲಪ್ರಭಾ ಕಾಲುವೆ ಕೆಲಸದಲ್ಲೂ ಅದು ಬಳಕೆಯಾಗಿದೆ. ಸ್ವಲ್ಪ ಜಿಗುಟಿರುವ ಗರಸನ್ನು ನಾನು ಆರಿಸಿದ್ದು ಆ ನೆನಪಿನಿಂದಲೇ.

ಸಾಮಾನಿನ ಲೆಕ್ಕ ಹೀಗೆ. ಹೊರ ಅಳತೆ 10×8 ಅಡಿ, ಗೋಡೆ ದಪ್ಪ 9 ಇಂಚು. ಗೋಡೆಗಳ ನಡುಗೆರೆಯ ಸುತ್ತಳತೆ 33 ಅಡಿ. ಎರಡಡಿ ಅಗಲಕ್ಕೆ 4 ಇಂಚು ದಪ್ಪದ 1:4:8 (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಉಸುಕು, ಎಂಟು ಪಾಲು ಜಲ್ಲಿ) ಕಾಂಕ್ರೀಟ್ ಹಾಸಿದರೆ 22 ಘನ ಅಡಿ. ಕಲಸಿ ಕುಟ್ಟಿದಾಗ ಗಾತ್ರ ಇಳಿಯುವುದರಿಂದ ಒಣ ಸಾಮಾನಿಗೆ 1.54ರಿಂದ ಗುಣಿಸಬೇಕು: ಸುಮಾರು 34 ಘನ ಅಡಿ. ಅದರಲ್ಲಿ ಹದಿಮೂರನೆಯ ಒಂದು ಪಾಲು ಸಿಮೆಂಟ್. 50 ಕೆ.ಜಿ. ಚೀಲದಲ್ಲಿ ಸುಮಾರು 1.23 ಘನ ಅಡಿ ಇರುವುದರಿಂದ ಎರಡು ಚೀಲದ ಮೇಲೆ ತುಸು. ಒಳನೆಲಕ್ಕೆ 1:2:4ರ 4 ಇಂಚು ಕಾಂಕ್ರೀಟ್, ಮೂರೂವರೆ ಚೀಲ.

ಕಾಂಕ್ರೀಟ್ ಹಾಸಿನ ಮೇಲೆ ಬುನಾದಿಯ ಕಲ್ಲುಗೋಡೆ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಸುತ್ತಲೂ ಪ್ಲಿಂತ್ ಬೀಮ್ (ಗೋಡೆಗಳ ಬುಡವನ್ನು ಸುತ್ತ ಕಟ್ಟಿ ಹಿಡಿಯುವ ಕಾಂಕ್ರೀಟ್ ತೊಲೆ): 10 ಮಿ.ಮೀ.ನ ನಾಲ್ಕು ಸರಳು, ಆರಿಂಚಿಗೊಂದು ರಿಂಗ್. ಮೂಲೆಯಲ್ಲಿ ಸರಳನ್ನು ತುಂಡರಿಸಿ ಬಿಡಲು ನಾನು ಬಿಡಲಿಲ್ಲ. ಬಾಗಿಸಿ, ಪಕ್ಕದ ಸರಳಿನ ಜೊತೆ ಎರಡಡಿ ಕೂಡಿಸಿ ಕಟ್ಟಿಸಿದೆ. ನಾಲ್ಕು ಗೋಡೆಗಳನ್ನೂ ಒಂದೇ ಚೌಕಟ್ಟಾಗಿ ಹಿಡಿಯುವುದು ಈ ಮೂಲೆಗಳೇ. ಒಳಗಿನ ಎರಡಡಿ ಎರೆಯನ್ನೂ ತೆಗೆಸಿ ಗರಸು ತುಂಬಿಸಿದೆ. ಒಳನೆಲಕ್ಕೂ ಗೋಡೆಗೂ ನಡುವೆ ಅರ್ಧ ಇಂಚು ಥರ್ಮೋಕೋಲ್ ಇಟ್ಟೆ. ನೆಲ ಅಲುಗಿದರೂ ಗೋಡೆಯನ್ನು ಎಳೆಯಬಾರದು.

ಹತ್ತು ದಿನ ಗೋಣಿತಟ್ಟು ಹೊದಿಸಿ ದಿನಕ್ಕೆ ಮೂರು ಸಲ ನೀರು ಹಾಕಿದೆ. ಕೊನೆಗೆ, ಮಳೆನೀರು ಬುಡದಲ್ಲಿ ನಿಲ್ಲದಂತೆ ಸುತ್ತ ಮೂರಡಿ ಅಗಲದ ಇಳಿಜಾರು ಕಾಂಕ್ರೀಟ್.

ಎರಡು ಮಳೆಗಾಲ, ಎರಡು ಬೇಸಿಗೆ ಕಳೆದಿವೆ. ಬಾಗಿಲು ಒಂದೇ ಕೈಯಲ್ಲಿ ತೆರೆಯುತ್ತದೆ, ಗೋಡೆ ಎಲ್ಲೂ ಬಿಟ್ಟಿಲ್ಲ. ಪಡುವಣ ಬದಿಯ ಇಳಿಜಾರು ಮಾತ್ರ ಬಿರಿದಿದೆ. ಅದರಡಿ ಗರಸು ಹಾಕಿಸಿರಲಿಲ್ಲ. ಮುಂಗಾರು ಹಿಡಿಯುವ ಮೊದಲು ಅದನ್ನು ಒಡೆಸಿ, ಒಂದಡಿ ಎರೆ ತೆಗೆಸಿ, ಗರಸು ತುಂಬಿಸಿ, ಇಳಿಜಾರನ್ನು ಮತ್ತೆ ಹಾಕಿಸಬೇಕಾಗಿದೆ.