ಜರ್ಮನಿಗೆ ಹೋದಾಗ ಬೆಳಗಾವಿ ನಂಬರ್ ಚಾಲೂ ಇಟ್ಟುಕೊಂಡಿದ್ದು ಹೇಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ ಇದೆ. ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಗಿಫಾ ಅಂತ ಫೌಂಡ್ರಿಯವರ ದೊಡ್ಡ ಮೇಳ ನಡೆಯುತ್ತದೆ. 2023ರ ಜೂನ್ 12ರಿಂದ 16ರವರೆಗೆ ನಡೆದ ಮೇಳಕ್ಕೆ ನಾನೂ ಹೋಗಿದ್ದೆ. ಅಲ್ಲಿ ನೋಡಿದ ಮಷೀನುಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಫೋನಿನ ವಿಷಯ. ಯಾಕೆಂದರೆ ವಿದೇಶಕ್ಕೆ ಹೊರಟವರು ಯಾರೇ ಸಿಗಲಿ, ಮೊದಲು ಕೇಳುವುದು "ಅಲ್ಲಿ ನೆಟ್ ಹೆಂಗ್ರಿ?" ಅಂತ. ನೆಟ್ ದುಡ್ಡು ಕೊಟ್ಟರೆ ಎಲ್ಲಿ ಬೇಕಾದರೂ ಸಿಗುತ್ತದೆ. ನಮ್ಮ ಊರಿನ ನಂಬರಿಗೆ ಬರುವ ಓಟಿಪಿ ಮಾತ್ರ ಆ ನಂಬರಿಗೇ ಬರಬೇಕು. ನನ್ನ ತಯಾರಿಯೆಲ್ಲ ಅದರ ಸುತ್ತಲೇ ಇತ್ತು.

ಸುಮ್ನೆ ಯೋಚನೆ ಮಾಡಿ ನೋಡಿ. ಹುಡುಗರ ಪಗಾರ ಹಾಕಬೇಕು, ಸ್ಕ್ರ್ಯಾಪ್ ಕೊಟ್ಟವರಿಗೆ ದುಡ್ಡು ಕಳಿಸಬೇಕು, ಎಲ್ಲಕ್ಕೂ ಓಟಿಪಿ. ತಿಂಗಳಿಗೊಮ್ಮೆ ಜಿಎಸ್‌ಟಿ ತುಂಬುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್‌ಗೆ 11ನೇ ತಾರೀಖು, ತೆರಿಗೆ ಕಟ್ಟುವ 3ಬಿ ರಿಟರ್ನ್‌ಗೆ 20ನೇ ತಾರೀಖು ಕೊನೆ. ನಮ್ಮದು ಪಾಲುದಾರಿಕೆ, ಹಾಗಾಗಿ ರಿಟರ್ನ್‌ಗೆ ಡಿಜಿಟಲ್ ಸಹಿ ಬೇಕಿಲ್ಲ, ಓಟಿಪಿ ಸಾಕು. ಆ ಓಟಿಪಿ ಬರುವುದು ನನ್ನ ನಂಬರಿಗೆ. ಮೇಳ ಇದ್ದದ್ದು ಸರಿಯಾಗಿ ಆ ಎರಡು ತಾರೀಖುಗಳ ನಡುವೆ!

ನಾನು ಮಾಡಿಕೊಂಡ ವ್ಯವಸ್ಥೆ ಇಷ್ಟೇ: ಹಳೆ ಸಿಮ್ ಫೋನಿನಲ್ಲೇ ಇತ್ತು, ನೆಟ್‌ಗೆ ಯುರೋಪಿನದೊಂದು ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಹಾಕಿಸಿಕೊಂಡೆ. ಹಳೆ ಸಿಮ್‌ಗೆ ಕೆಲಸ ಒಂದೇ, ಎಸ್‌ಎಂಎಸ್ ಹಿಡಿಯುವುದು. ಹೊರಡುವ ಮುಂಚೆ ಅದರ ವ್ಯಾಲಿಡಿಟಿ ವಾಪಸ್ ಬರುವ ತನಕ ಇದೆಯಾ ನೋಡಿಕೊಂಡೆ, ಸಿಮ್ ಕಂಪನಿಯ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ರೋಮಿಂಗ್ (ವಿದೇಶದ ನೆಟ್‌ವರ್ಕ್‌ನಲ್ಲೂ ನಮ್ಮ ಸಿಮ್ ನಡೆಯುವ ಸೌಲಭ್ಯ) ಆನ್ ಮಾಡಿಸಿದೆ. ಇದು ಊರಲ್ಲೇ ಆಗಬೇಕು. ಆನ್ ಆಗದ ಸಿಮ್ ಅಲ್ಲಿ ಇಳಿದ ಮೇಲೆ ನೆಟ್‌ವರ್ಕ್ ಹಿಡಿಯದೆ ಸುಮ್ಮನೆ ಕೂತುಬಿಡುತ್ತದೆ. ನನ್ನ ಪ್ಲಾನ್‌ನಲ್ಲಿ ವಿದೇಶದಲ್ಲಿ ಬರುವ ಎಸ್‌ಎಂಎಸ್‌ಗೆ ದುಡ್ಡಿಲ್ಲ. ಕಾಲ್ ಎತ್ತಿದರೆ ಇದೆ, ಅದೂ ಪ್ಯಾಕ್ ಇಲ್ಲದಿದ್ದರೆ ನಿಮಿಷದ ರೇಟು ಬಹಳ ಜಾಸ್ತಿ.

ಇನ್ನು ಸೆಟ್ಟಿಂಗ್. ಇದನ್ನು ನಿಧಾನವಾಗಿ ಓದಿ, ದುಡ್ಡು ಸೋರುವುದು ಇಲ್ಲೇ. ಸಿಮ್ ಸೆಟ್ಟಿಂಗ್ ತೆರೆದರೆ ಎರಡೂ ಸಿಮ್ ಕಾಣುತ್ತವೆ. ಹಳೆ ಸಿಮ್ ಒತ್ತಿ, ಡೇಟಾ ರೋಮಿಂಗ್ ಆಫ್ ಮಾಡಿ. ಆಫ್ ಮಾಡಿದರೆ ಎಸ್‌ಎಂಎಸ್ ನಿಲ್ಲುತ್ತದೆ ಅಂತ ಬಹಳ ಜನ ಹೆದರುತ್ತಾರೆ, ನಿಲ್ಲುವುದಿಲ್ಲ, ಅದು ನೆಟ್‌ಗೆ ಮಾತ್ರ ಸಂಬಂಧಪಟ್ಟ ಗುಂಡಿ. ಆಮೇಲೆ ಇ-ಸಿಮ್ ಒತ್ತಿ ಅಲ್ಲಿ ಡೇಟಾ ರೋಮಿಂಗ್ ಆನ್ ಮಾಡಿ. ಮೊಬೈಲ್ ಡೇಟಾ ಯಾವ ಸಿಮ್‌ನಿಂದ ಅಂತ ಕೇಳುವಲ್ಲಿ ಇ-ಸಿಮ್ ಆರಿಸಿ. ಕೊನೆಗೆ ಇನ್ನೊಂದು ಗುಂಡಿ ಇದೆ, ಒಂದು ಸಿಮ್‌ನ ಸಿಗ್ನಲ್ ಕಮ್ಮಿಯಾದರೆ ತಾನಾಗಿಯೇ ಇನ್ನೊಂದರಿಂದ ಡೇಟಾ ತೆಗೆದುಕೊಳ್ಳುವಂಥದ್ದು. ಊರಲ್ಲಿ ಅದು ಉಪಕಾರಿ, ಅಲ್ಲಿ ಆಫ್ ಇರಲೇಬೇಕು.

ಇ-ಸಿಮ್ ನಾನು ಮನೆಯ ವೈಫೈನಲ್ಲೇ ಇನ್‌ಸ್ಟಾಲ್ ಮಾಡಿದೆ. ಮೇಲ್‌ಗೆ ಬಂದ ಕ್ಯುಆರ್ ಕೋಡನ್ನು ಅದೇ ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಲಾಗುವುದಿಲ್ಲ ಅಲ್ವಾ, ಮಗಳ ಫೋನಿನಲ್ಲಿ ಮೇಲ್ ತೆರೆದು ಸ್ಕ್ಯಾನ್ ಮಾಡಿದೆ. ನಾನು ತೆಗೆದುಕೊಂಡ ಪ್ಯಾಕ್‌ನ ದಿನಗಳ ಲೆಕ್ಕ ಅಲ್ಲಿಯ ನೆಟ್‌ವರ್ಕ್ ಹಿಡಿದ ಮೇಲೆಯೇ ಶುರುವಾಗುವಂಥದ್ದು. ಒಮ್ಮೆ ಹಾಕಿದ ಇ-ಸಿಮ್ ಅಳಿಸಬೇಡಿ, ಸಾಮಾನ್ಯವಾಗಿ ಅದೇ ಕೋಡ್ ಎರಡನೇ ಸಲ ನಡೆಯುವುದಿಲ್ಲ. ಜರ್ಮನಿಗೆ ಹೋಗಿಯೇ ಪ್ರೀಪೇಯ್ಡ್ ಸಿಮ್ ಕೊಳ್ಳಬಹುದು, ಆದರೆ 2017ರ ಜುಲೈನಿಂದ ಅಲ್ಲಿ ಗುರುತು ಪರಿಶೀಲನೆ ಕಡ್ಡಾಯ, ಪಾಸ್‌ಪೋರ್ಟ್ ಹಿಡಿದು ನಿಲ್ಲಬೇಕು. ವಾರ ಹತ್ತು ದಿನಕ್ಕೆ ಹೋಗುವವರಿಗೆ ಇ-ಸಿಮ್ಮೇ ಸರಿ ಅನ್ನುವುದು ನನ್ನ ಅಭಿಪ್ರಾಯ. ತಿಂಗಳುಗಟ್ಟಲೆ ಇರುವವರು ಅಲ್ಲಿಯ ಸಿಮ್ಮನ್ನೇ ಕೊಳ್ಳಲಿ. ಅದರಲ್ಲಿ ಒಂದು ಲಾಭವೂ ಇದೆ: 2017ರ ಜೂನ್ 15ರಿಂದ ಯುರೋಪಿಯನ್ ಒಕ್ಕೂಟದ ಒಳಗೆ ಬೇರೆ ದೇಶಕ್ಕೆ ಹೋದರೂ ಸಿಮ್ ಕೊಂಡ ದೇಶದ ದರವೇ ನಡೆಯುತ್ತದೆ. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿ ಇಲ್ಲ, ಆ ಕಡೆ ಹೋಗುವವರು ತಮ್ಮ ಪ್ಯಾಕ್‌ನಲ್ಲಿ ಅದರ ಹೆಸರಿದೆಯಾ ಅಂತ ನೋಡಿಕೊಳ್ಳಬೇಕು.

ವಾಟ್ಸಾಪ್ ಹಳೆ ನಂಬರಿನಲ್ಲೇ ನಡೆಯುತ್ತದೆ. ಹೊಸ ಸಿಮ್ ನೋಡಿ ನಂಬರ್ ಬದಲಿಸಬೇಕಾ ಅಂತ ಕೇಳಿದರೆ ಬೇಡ ಅನ್ನಿ, ಮುಗಿಯಿತು. ಫೌಂಡ್ರಿಯ ಎಲ್ಲರಿಗೂ ಸಾದಾ ಕಾಲ್ ಮಾಡಬೇಡಿ, ವಾಟ್ಸಾಪ್‌ನಲ್ಲೇ ಮಾಡಿ ಅಂತ ಹೇಳಿಟ್ಟಿದ್ದೆ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ತಾಸು ಹಿಂದೆ. ಇಲ್ಲಿ ಎಂಟೂವರೆಗೆ ಶಿಫ್ಟ್ ಶುರುವಾದರೆ ಅಲ್ಲಿ ಬೆಳಗಿನ ಐದು. ಅರ್ಜೆಂಟ್ ಇಲ್ಲದ್ದನ್ನು ವಾಯ್ಸ್ ಮೆಸೇಜ್ ಹಾಕಿ ಅಂದಿದ್ದೆ, ಪಾಪ, ಹುಡುಗರು ಹಾಗೇ ನಡೆದುಕೊಂಡರು.

ಇನ್ನೊಂದು ಸಣ್ಣ ಕೆಲಸ, ಆದರೆ ಬಹಳ ಉಪಯೋಗಕ್ಕೆ ಬಂತು. ಆಫೀಸಿನ ಲ್ಯಾಂಡ್‌ಲೈನ್ ನನ್ನ ಫೋನಿನಲ್ಲಿ 0831 ಅಂತ ಶುರುವಾಗುತ್ತಿತ್ತು. ವಿದೇಶದಿಂದ ಹಾಗೆ ಒತ್ತಿದರೆ ಬೆಳಗಾವಿಗೆ ಹೋಗುವುದಿಲ್ಲ. ಸೊನ್ನೆ ತೆಗೆದು ಪ್ಲಸ್ 91 831 ಅಂತ ಮಾಡಿಕೊಂಡೆ. ಮನೆ, ಬ್ಯಾಂಕ್, ಡಾಕ್ಟರು, ಬೇಕಾದವರೆಲ್ಲರ ನಂಬರಿಗೂ ಪ್ಲಸ್ 91 ಸೇರಿಸಿದೆ. ಹಾಗೆ ಸೇವ್ ಮಾಡಿದ್ದು ಊರಲ್ಲಿದ್ದಾಗಲೂ ನಡೆಯುತ್ತದೆ, ವಾಪಸ್ ಬದಲಿಸುವ ಗೋಜಿಲ್ಲ.

ಬ್ಯಾಂಕಿನದು ಎರಡೇ ಮಾತು. 2020ರಲ್ಲಿ ಬಂದ ರಿಸರ್ವ್ ಬ್ಯಾಂಕಿನ ನಿಯಮದಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಆಫ್ ಆಗಿಯೇ ಬರುತ್ತದೆ, ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ. ಯುಪಿಐ ನಂಬಿಕೊಂಡು ಜರ್ಮನಿಗೆ ಹೋಗಬೇಡಿ, ಅಲ್ಲಿ ಕಾರ್ಡು, ಇಲ್ಲವೇ ನಗದು. ಯುಪಿಐ ಆ್ಯಪ್ ಅಳಿಸಿ ಮತ್ತೆ ಹಾಕುವುದು, ಫೋನ್ ಬದಲಿಸುವುದು, ಇದೆಲ್ಲ ಅಲ್ಲಿದ್ದಾಗ ಬೇಡವೇ ಬೇಡ. ಅದು ಮತ್ತೆ ನಮ್ಮ ಸಿಮ್‌ನಿಂದ ಎಸ್‌ಎಂಎಸ್ ಕಳಿಸಿ ಖಾತ್ರಿ ಮಾಡಿಕೊಳ್ಳುತ್ತದೆ.

20ನೇ ತಾರೀಖು ನಾನು ಟ್ರೇನಿನಲ್ಲಿದ್ದೆ. ನಮ್ಮ ಅಕೌಂಟೆಂಟ್ ವಾಟ್ಸಾಪ್ ಕಾಲ್ ಮಾಡಿ "ಎಲ್ಲಾ ತುಂಬೇನ್ರಿ ಸರ, ಈಗ ಓಟಿಪಿ ಕಳಸ್ತೀನಿ" ಅಂದರು. ಕಿಟಕಿಯಾಚೆ ಹೊಲ, ಫೋನಿನ ಮೇಲ್ಗಡೆ ಎರಡು ಸಿಗ್ನಲ್ ಗುರುತು. ಮೆಸೇಜ್ ಟಿಂಗ್ ಅಂತು, ಆರು ಅಂಕಿ ಓದಿ ಹೇಳಿದೆ. "ಆತ್ರಿ ಸರ" ಅಂದರು. ಅವರದು ಎಷ್ಟೋ ವರ್ಷದಿಂದ ಗುರುತಿರುವ ದನಿ, ಮೊದಲೇ ಮಾತಾಡಿ ಇಟ್ಟುಕೊಂಡಿದ್ದ ಹೊತ್ತು, ಅದಕ್ಕೇ ಹೇಳಿದ್ದು. ಗುರುತಿಲ್ಲದವರು ಕೇಳಿದರೆ ಎಲ್ಲಿದ್ದರೂ ಹೇಳಬೇಡಿ.

ಚಾರ್ಜರ್ ಬಗ್ಗೆ ಜಾಸ್ತಿ ಚಿಂತೆ ಬೇಡ, ನಮ್ಮ ಎರಡು ದುಂಡು ಪಿನ್ನಿನ ಮೊಬೈಲ್ ಚಾರ್ಜರ್ ಜರ್ಮನಿಯ ಸಾಕೆಟ್ಟಿಗೆ ಕೂರುತ್ತದೆ. ದುಬೈ, ಲಂಡನ್‌ಗೆ ಹೋಗುವವರಿಗೆ ಮಾತ್ರ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ವಿಮಾನದಲ್ಲಿ ಫ್ಲೈಟ್ ಮೋಡ್ ತಪ್ಪದೆ ಹಾಕಿ, ಕೆಲವು ವಿಮಾನಗಳಿಗೆ ಅವುಗಳದ್ದೇ ನೆಟ್‌ವರ್ಕ್ ಇರುತ್ತದೆ, ಅದರ ದರ ಬೇರೆ.

ಮುಂಬೈಯಲ್ಲಿ ಇಳಿದ ಮೇಲೆ ಮೊಬೈಲ್ ಡೇಟಾ ಮತ್ತೆ ಹಳೆ ಸಿಮ್‌ಗೆ ಬದಲಿಸಿ, ಇ-ಸಿಮ್ ಆಫ್ ಮಾಡಿ. ಮುಂದಿನ ಗಿಫಾ 2027ರಲ್ಲಿದೆ. ನಮ್ಮ ಕಡೆಯಿಂದ ಹೊರಡುವವರಿದ್ದರೆ ಫೋನ್ ತೆಗೆದುಕೊಂಡು ಉದ್ಯಮಬಾಗಕ್ಕೆ ಬನ್ನಿ, ಚಹಾ ಕುಡಿಯುತ್ತ ಕೂತು ಸೆಟ್ಟಿಂಗ್ ಮಾಡೋಣ.